ವರದೆಯಲ್ಲಿ ಮುಳುಗಿ ಎದ್ದವಳು

ಮಳೆಗಾಲ ಮುಗಿದು ಚಳಿ ಇನ್ನೂ ಕಾಲಿಡದ ಆ ಮಧುರ ಸಂಧಿಕಾಲದಲ್ಲಿ ಹಾನಗಲ್ಲಿನ ಬಯಲನ್ನು ಕಂಡಿದ್ದೀರಾ, ಸಹೃದಯರೇ? ಕಾಣದಿದ್ದರೆ ಒಮ್ಮೆಯಾದರೂ ಕಾಣಲೇಬೇಕು! ತೆನೆಭಾರಕ್ಕೆ ತಲೆಬಾಗಿದ ಭತ್ತದ ಗದ್ದೆಗಳ ಮೇಲೆ ಪ್ರಭಾತದ ಹೊಂಬಿಸಿಲು ಮೆಲ್ಲಮೆಲ್ಲನೆ ಹರಡುತ್ತದೆ; ಮಳೆಗಾಲದ ಆರ್ಭಟವನ್ನೆಲ್ಲ ಮರೆತ ವರದೆ, ಕೆಂಪು ಕಳೆದು ತಿಳಿಯಾಗಿ, ಮರಳ ದಂಡೆಯನ್ನು ಸವರಿಕೊಂಡು ಸಾಗುತ್ತಾಳೆ... ಅಂಥದೊಂದು ಬೆಳಗಿನಲ್ಲಿ ಸವಣೂರಿನಿಂದ ಹೊರಟ ಬಸ್ಸು ಹೊಳೆಯ ಸೇತುವೆಯನ್ನು ದಾಟುವಾಗ, ಕಿಟಕಿಯ ಪಕ್ಕದಲ್ಲಿದ್ದ ನೀಲಾಂಬಿಕಾ ಸೆರಗನ್ನು ತಲೆಯ ಮೇಲೆಳೆದುಕೊಂಡು, ಕಣ್ಮುಚ್ಚಿ, ಕರ್ತನಾದ ಯೇಸುವಿಗೆ ಸ್ತೋತ್ರ ಹೇಳಿದಳು. ಪಕ್ಕದಲ್ಲಿ ಅವಳ ತಂದೆ ಗುತ್ತೆಪ್ಪ. ಅವನ ತೊಡೆಯ ಮೇಲೆ ತೋಟದಿಂದ ನಸುಕಿನಲ್ಲೇ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟು. ಇಂದು ಹಾನಗಲ್ಲಿನಲ್ಲಿ ಲೋಹಿತನ ಮನೆಯವರೊಡನೆ ಎಲೆ-ಅಡಿಕೆ ಬದಲಿಸಿಕೊಂಡು ಮದುವೆಯ ಮಾತನ್ನು ಪಕ್ಕಾ ಮಾಡುವ ದಿನ.

ಆ ಹೊಳೆಯಲ್ಲಿ ಅವಳಿಗೇನಿತ್ತು ಅನ್ನುವಿರಾ? ಎಲ್ಲವೂ ಇತ್ತು! ಎರಡು ವರ್ಷದ ಹಿಂದೆ ಇದೇ ನೀರಿನಲ್ಲಿ ಅವಳೂ ಲೋಹಿತನೂ ಮುಳುಗಿ ಎದ್ದು ಕ್ರೈಸ್ತ ದೀಕ್ಷಾಸ್ನಾನ ಪಡೆದಿದ್ದರು. ಶಿಗ್ಗಾಂವಿಯ ಕಾಲೇಜಿನಲ್ಲಿ ಅಂಕುರಿಸಿದ ಅನುರಾಗ ಅವರದು. ಅವಳ ಕೈಯಲ್ಲಿದ್ದ ಸತ್ಯವೇದವನ್ನು ಮೊದಲು ಕುತೂಹಲಕ್ಕೆ ಓದಿದವನು, ಆಮೇಲೆ ಕಣ್ಣೀರಿಟ್ಟು ಓದಿದ. ದೀಕ್ಷೆ ಬೇಕೆಂದಾಗ ಅವಳೇ ತಡೆದಿದ್ದಳು, "ನನ್ನ ಸಲುವಾಗಿ ಇಳಿಯೂದಿದ್ರ ಬ್ಯಾಡ್ರಿ" ಎಂದು. ಎದೆಮಟ್ಟದ ನೀರಿನಲ್ಲಿ ನಿಂತು ಅವನು ಹೇಳಿದ್ದ, "ನಿನ್ನ ಸಲುವಾಗಿ ಅಲ್ಲ ನೀಲಾ, ಆತನ ಸಲುವಾಗಿ." ಆ ಕ್ಷಣದಲ್ಲಿ ಅವಳಿಗೆ ಅವನ ಮೇಲಿದ್ದ ಪ್ರೀತಿ ಗೌರವವಾಗಿ ಮಾರ್ಪಟ್ಟಿತು. ಮೊನ್ನೆಯಷ್ಟೇ ಫೋನಿನಲ್ಲಿ, "ಮನ್ಯಾಗ ಎಲ್ಲಾ ಹೇಳೇನಿ, ಒಪ್ಯಾರ" ಎಂದೂ ಅಂದಿದ್ದ.

ಲೋಹಿತನ ತಾಯಿ ದಾನವ್ವ ಹಾನಗಲ್ಲಿನ ಮನೆಯ ಹೊಸಿಲಿನಲ್ಲೇ ಅವಳ ಕೈಹಿಡಿದು, "ಬಾರವ್ವ, ಇಲ್ಲಿ ಕುಂದ್ರು" ಎಂದು ಪಕ್ಕದಲ್ಲೇ ಕೂಡಿಸಿಕೊಂಡಳು. ಶಾವಿಗೆ ಪಾಯಸ ಬಂತು, ನಗೆಮಾತೂ ಬಂತು. ಆಮೇಲೆ ತಂದೆ ನಾಗಪ್ಪ, ಅಡಿಕೆ ವ್ಯಾಪಾರದ ಗಂಭೀರ ಮನುಷ್ಯ, ಹಣೆಯ ವಿಭೂತಿಯಷ್ಟೇ ನೆಟ್ಟನೆಯ ಮಾತಿನವನು, ಮಗನತ್ತ ತಿರುಗಿದ.

"ಮಂದಿ ಮಾತಾಡಾಕತ್ತಾರ, ನೀವಿಬ್ರೂ ಹೊಳ್ಯಾಗ ದೀಕ್ಷಾ ತಗೊಂಡೀರಿ ಅಂತ. ಖರೆ ಏನಪಾ?"

ಹಾಗಾದರೆ... ಹೇಳಿಯೇ ಇರಲಿಲ್ಲ! ನೀಲಾಂಬಿಕಾ ಪಾಯಸದ ಬಟ್ಟಲನ್ನು ಕೆಳಗಿಟ್ಟಳು. ಆದರೂ ಈಗ ಹೇಳಿಯಾನೆಂಬ ಭರವಸೆಯಿಂದ ಅವನ ಮುಖವನ್ನೇ ನೋಡಿದಳು. ಲೋಹಿತ ಅವಳತ್ತ ನೋಡಲಿಲ್ಲ.

"ದೀಕ್ಷಾ ಏನಲ್ಲಪ್ಪಾ. ಬರೇ ಹೊಳಿ ಜಳಕ. ಈಕಿ ಮನಸ್ಸಿಗೆ ಹಿತ ಆಗ್ಲಿ ಅಂತ ಇಳದಿದ್ದೆ."

ಅಯ್ಯೋ, ಎಂಥ ನಾಲಿಗೆ! ಒಂದೇ ಉಸಿರಿನಲ್ಲಿ ಇಬ್ಬರನ್ನೂ ಮಾರಿತಲ್ಲ... ತನ್ನ ಕರ್ತನನ್ನೂ, ತನ್ನ ಪ್ರಿಯೆಯನ್ನೂ. ಅವನು ಭಯಪಟ್ಟಿದ್ದರೆ ಅವಳು ಕ್ಷಮಿಸುತ್ತಿದ್ದಳೇನೋ; ಆದರೆ ಆ ಭಯವನ್ನು ಅವಳ ಸಲುವಾಗಿ ಎಂದು ಅವಳ ಸೆರಗಿಗೆ ಕಟ್ಟಿಬಿಟ್ಟಿದ್ದ.

ನಾಗಪ್ಪ ಹಗುರಾಗಿ ಉಸಿರು ಬಿಟ್ಟು ಅವಳತ್ತ ತಿರುಗಿದ. "ನೀನೂ ಅಷ್ಟ ಅಂದ್ಬಿಡವ್ವ. ಇವತ್ತ ಎಲಿ-ಅಡಿಕಿ ಮುಗಸೂಣು. ಯೇಸುಸ್ವಾಮಿ ಫೋಟೋನೂ ನಮ್ಮ ಜಗಲಿ ಮ್ಯಾಲಿರ್ಲಿ, ಬ್ಯಾಡ ಅನ್ನೂದಿಲ್ಲ."

ಎಷ್ಟು ಉದಾರವಾದ ಮಾತು! ಕಠೋರವಾಗಿದ್ದರೆ ನಿರಾಕರಿಸುವುದು ಸುಲಭವಿತ್ತು. ಅವಳು ತಂದೆಯತ್ತ ನೋಡಿದಳು... ಬಾಲ್ಯದಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಯೇಸುವನ್ನು ನಂಬುತ್ತೇನೆಂಬ ವಿಶ್ವಾಸಪ್ರಮಾಣ ಬಾಯಿಪಾಠ ಮಾಡಿಸಿದ ತಂದೆಯತ್ತ. ಗುತ್ತೆಪ್ಪ ಎಲೆಯ ಕಟ್ಟನ್ನು ನೋಡುತ್ತಲೇ ಪಿಸುಗುಟ್ಟಿದ, "ಬಾಯಿಮಾತಿಗೆ ಅಂದ್ರ ಏನಾತವ್ವ?"

ಅವನೂ! ಆ ಪಡಸಾಲೆಯಲ್ಲಿ ಅವಳಷ್ಟು ಒಂಟಿಯಾದವರು ಯಾರೂ ಇರಲಿಲ್ಲ. ದಾನವ್ವನ ಕೈಯಿಂದ ತನ್ನ ಕೈಯನ್ನು ಮೆಲ್ಲನೆ ಬಿಡಿಸಿಕೊಂಡು ಎದ್ದು ನಿಂತಳು.

"ನೀವು ದೊಡ್ಡ ಮನಸ್ಸಿನಿಂದ ಹೇಳಿದ್ರಿ, ಮಾವಾರ. ಆದ್ರ ಆತ ನನಗ ಜಗಲಿ ಮ್ಯಾಲಿನ ಇನ್ನೊಬ್ಬ ದೇವ್ರಲ್ರಿ. ಆತನೊಬ್ಬನೇ ದೇವ್ರು. ನನ್ನ ಸಲುವಾಗಿ ಸತ್ತು ಎದ್ದು ಬಂದಾನ. ಆ ಹೊಳ್ಯಾಗ ನಾನೂ ಆತನ ಕೂಡ ಸತ್ತು ಎದ್ದೇನಿ. ಅದನ್ನ ಜಳಕ ಅನ್ನಾಕ ನನ್ನ ಕಡಿಂದ ಆಗೂದಿಲ್ರಿ."

ನಾಗಪ್ಪನೇ ಮೊದಲು ಹೇಳಿದ, "ನಮ್ಮ ಮನಿಗೆ ಇದು ಒಗ್ಗೂದಿಲ್ಲವ್ವ. ಆದ್ರ ನೀ ಸುಳ್ಳ ಹೇಳ್ಲಿಲ್ಲ." ಹಾಗೆನ್ನುವಾಗ ಅವನ ದೃಷ್ಟಿ ಮಗನ ಮೇಲಿತ್ತು. ಗುತ್ತೆಪ್ಪ ಎಲೆಯ ಕಟ್ಟನ್ನು ಎತ್ತಿಕೊಂಡು ಮಗಳ ಬದಿಗೆ ಬಂದು ನಿಂತ.

ಬಸ್‌ಸ್ಟ್ಯಾಂಡಿನವರೆಗೆ ಲೋಹಿತ ಓಡಿಬಂದ. ಬೆವರಿದ ಆ ಮುಖದಲ್ಲಿ ಪ್ರೀತಿಯಿತ್ತು, ಇಲ್ಲವೆಂದರೆ ಅನ್ಯಾಯವಾದೀತು.

"ಒಂದ ಮಾತು ಅಂದಿದ್ರ ಏನ ಹೋಗತಿತ್ತು ನೀಲಾ? ನಾ ನಿನ್ನಾಂವ ಆಗತಿದ್ದೆ."

"ಹೌದ್ರಿ, ನೀವು ಸಿಗತಿದ್ರಿ," ಅಂದಳು ಅವಳು. "ಆದ್ರ ಹೊಳ್ಯಾಗ ನಿಂತು 'ಆತನ ಸಲುವಾಗಿ' ಅಂದಿದ್ರಲ್ಲ, ಆ ನೀವು ಸಿಗತಿದ್ದಿಲ್ಲ. ನಾ ಕಾಯ್ದದ್ದು ಆ ನಿಮ್ಮನ್ನ."

ಬಸ್ಸು ಹೊರಟಿತು. ಸಂಜೆಗೆಂಪಿನಲ್ಲಿ ಸೇತುವೆ ಬಂದಾಗ ಗುತ್ತೆಪ್ಪ ಮಗಳ ಕೈಮೇಲೆ ತನ್ನ ಒರಟು ಕೈಯಿಟ್ಟು, "ನಾನೂ ಇದೇ ಹೊಳ್ಯಾಗ ಮುಳುಗಿ ಎದ್ದಿದ್ನೆವ್ವ. ಮರತಬಿಟ್ಟಿದ್ದೆ" ಎಂದ. ಆಗ ಅವಳು ಬೆಳಗಿನಿಂದ ತಡೆದಿದ್ದ ಅಳುವನ್ನೆಲ್ಲ ಅತ್ತಳು. ಅತ್ತು ಮುಗಿದ ಮೇಲೆ ಕಣ್ಮುಚ್ಚಿ ಪ್ರಾರ್ಥಿಸಿದಳು. ಮತ್ತೆಂದೂ ಉಚ್ಚರಿಸಬಾರದೆಂದುಕೊಂಡಿದ್ದ ಲೋಹಿತನ ಹೆಸರೇ ಮೊದಲು ಬಾಯಿಗೆ ಬಂತು. ಅವಳು ಅದನ್ನು ತಡೆಯಲಿಲ್ಲ.

ಮನುಷ್ಯಹೃದಯದ ರೀತಿಯೇ ವಿಚಿತ್ರ, ಸಹೃದಯರೇ! ತಪ್ಪು ಮಾಡಿದವನಿಗಿಂತ ಸತ್ಯವನ್ನು ಹಿಡಿದು ನಿಂತವಳೇ ಹೆಚ್ಚು ಅಳುತ್ತಾಳೆ. ದ್ರೋಹವುಂಡ ಬಾಯಿಯೇ ದ್ರೋಹಿಗಾಗಿ ಬೇಡುತ್ತದೆ. ಆ ನೋವಿಗೆ ಸೋಲೆಂದು ಹೆಸರಿಡುವ ಧೈರ್ಯ ನಮಗಿಲ್ಲ... ಬಸ್ಸಿನ ಸೀಟಿನ ಮೇಲೆ, ತಂದೆ-ಮಗಳ ನಡುವೆ, ಯಾರಿಗೂ ಕೊಡದ ಎಲೆಗಳು ಇನ್ನೂ ಹಸಿರಾಗಿಯೇ ಇದ್ದವು.