ನಡೆಯುವ ಗಾಡಿಯ ಕಬ್ಬು

ಮೂಡಲಗಿಯ ಬಸ್ ನಿಲ್ದಾಣದ ಹಿಂದೆ, ಬೇವಿನ ಮರದ ಬುಡದಲ್ಲಿ, ಭೀಮರಾಯನ ಸೈಕಲ್ ಅಂಗಡಿ. ತಗಡಿನ ಗೋಡೆಗೆ ಕಟ್ಟು ಹಾಕಿಸಿದ ಒಂದು ಫೋಟೊ: ತಲೆ ತಗ್ಗಿಸಿ, ಬೆನ್ನನ್ನು ಬಿಲ್ಲಾಗಿ ಬಾಗಿಸಿ, ರೇಸ್ ಸೈಕಲ್ ಮೇಲೆ ಗೆಲುವಿನ ಗೆರೆ ದಾಟುತ್ತಿರುವ ಇಪ್ಪತ್ತೆರಡರ ತರುಣ. ಅದರ ಕೆಳಗೆ, ಮಡಚಲು ಬಾರದ ಎಡಗಾಲನ್ನು ಕಟ್ಟಿಗೆಯ ಹಾಗೆ ಮುಂದಕ್ಕೆ ಚಾಚಿ ಪಂಕ್ಚರ್ ತಿದ್ದುತ್ತ ಕುಳಿತ ಮೂವತ್ತೊಂದರ ಭೀಮರಾಯ. ಹೊಸ ಗಿರಾಕಿಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡುತ್ತಿದ್ದರು. ಎರಡೂ ಒಂದೇ ಮುಖವೆಂದು ತಿಳಿದ ಕೂಡಲೇ ದನಿ ತಗ್ಗಿಸುತ್ತಿದ್ದರು. ಆ ತಗ್ಗಿದ ದನಿಯ ನೆರಳಿನಲ್ಲಿಯೇ ಅವನು ಒಂಬತ್ತು ವರ್ಷ ಬದುಕಿದ್ದ.

ಊರಿಗೆಲ್ಲ ಗೊತ್ತಿದ್ದ ಕಥೆ ಇಷ್ಟು. ತೊಂಬತ್ತೈದರಲ್ಲಿ ರಾಜ್ಯದ ರಸ್ತೆ ಸೈಕಲ್ ಪಂದ್ಯ ಗೆದ್ದ ಭೀಮರಾಯನಿಗೆ ಪಟಿಯಾಲಾದ ರಾಷ್ಟ್ರೀಯ ಶಿಬಿರದಿಂದ ಕರೆ ಬಂದಿತ್ತು. ಹೊರಡಲು ಹನ್ನೊಂದು ದಿನವಿರುವಾಗ, ಗೋಕಾಕ ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರಿನ ಡ್ರೈವರನೊಬ್ಬ ಕುಡಿದ ಅಮಲಿನಲ್ಲಿ ಗಕ್ಕನೆ ಬ್ರೇಕ್ ಹಾಕಿದ. ಹಿಂದಿನ ಟ್ರೇಲರಿನ ಗಾಲಿ ಹುಡುಗನ ಮೊಣಕಾಲ ಮೇಲೆ ಹಾಯ್ದು ಹೋಯಿತು. ಪ್ರತಿ ಜನವರಿ ಇಪ್ಪತ್ತಾರಕ್ಕೆ ರಾವಸಾಹೇಬ ಕಾಕಾ ಅವನನ್ನು ಶಾಲೆಯ ವೇದಿಕೆಗೆ ಹತ್ತಿಸಿ, ಶಾಲು ಹೊದಿಸಿ, ಮೈಕಿನಲ್ಲಿ ಇದನ್ನೇ ಹೇಳುತ್ತಿದ್ದರು. ರಾವಸಾಹೇಬರು ಜೈನರ ಪೈಕಿ ದೊಡ್ಡ ಒಕ್ಕಲುತನದವರು. ಅವನಿಗೆ ಮೊದಲ ರೇಸ್ ಸೈಕಲ್ ತರಿಸಿಕೊಟ್ಟವರು ಅವರು, ಕಾಲು ಹೋದ ಮೇಲೆ ಅಂಗಡಿ ಹಾಕಿಸಿಕೊಟ್ಟವರೂ ಅವರೇ. “ಆ ಕುಡುಕನ ಕೈಯಾಗ ಸಿಗದಿದ್ರ ನಮ್ಮ ಭೀಮ್ಯಾ ಏಶಿಯಾಡಿಗೆ ಹೋಗತಿದ್ದ!” ಎಂದು ಅವರು ಕೈ ಎತ್ತಿದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು. ಭೀಮರಾಯ ತಲೆ ಕೆಳಗೆ ಹಾಕಿ ಕೂರುತ್ತಿದ್ದ. ಜನ ಅದನ್ನು ವಿನಯವೆಂದು ತಿಳಿದಿದ್ದರು.

ಎರಡು ಸಾವಿರದ ಐದನೆಯ ಇಸವಿ, ಸಂಕ್ರಮಣ ಮುಗಿದ ಮೂರನೆಯ ದಿನ, ಇಳಿಹೊತ್ತಿನಲ್ಲಿ ಆ ಡ್ರೈವರ್ ಅಂಗಡಿಯ ಮುಂದೆ ಬಂದು ನಿಂತ. ಹೆಸರು ಉದ್ದಪ್ಪ. ಐವತ್ತರ ಆಸುಪಾಸು, ಕಬ್ಬಿನ ಒಣಗರಿ ಗೀರಿದ ಮುಂಗೈ, ಹೊರೆ ಹೊತ್ತು ಹೊತ್ತು ಕುಸಿದ ಕತ್ತು. ಒಂಬತ್ತು ವರ್ಷದಲ್ಲಿ ಇಬ್ಬರೂ ಒಂದೇ ಸಂತೆಯಲ್ಲಿ ಓಡಾಡಿದ್ದರು. ಎದುರಾದಾಗಲೆಲ್ಲ ಉದ್ದಪ್ಪನೇ ಓಣಿ ಬದಲಿಸುತ್ತಿದ್ದ.

“ನಮಸ್ಕಾರ್ರಿ ಭೀಮರಾಯರ. ಬೈಯೂದಿದ್ರ ಮೊದಲ ಬೈದ ಬಿಡ್ರಿ, ಆಮ್ಯಾಲ ನನ್ನ ಮಾತ ಕೇಳ್ರಿ.”

ಭೀಮರಾಯನ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಕೆಳಗೆ ಬಿತ್ತು. “ಕುಂದರ್ರಿ,” ಎಂದ, ಅಷ್ಟೇ.

ಉದ್ದಪ್ಪ ಕೂರಲಿಲ್ಲ. “ರಾವಸಾಹೇಬ್ರ ಟ್ರ್ಯಾಕ್ಟರ್ ಡ್ರೈವರ್ ನಡುವ ಕೈಬಿಟ್ಟ ಹೋಗ್ಯಾನ. ಹಂಗಾಮಿನ್ಯಾಗ ಬ್ಯಾರೆ ಯಾರೂ ಸಿಗವಲ್ರು. ನಾ ಹೋಗಿ ಕೇಳಿದ್ನಿ. ಅವರೇನಂದ್ರು, ‘ಭೀಮ್ಯಾ ನನ್ನ ಎದರಿಗೆ ನಿಂತು ಮಾಫ ಮಾಡೇನಿ ಅಂದ್ರ ಕೀಲಿ ನಿನ್ನ ಕೈಯಾಗ. ಇಲ್ಲಂದ್ರ ನನ್ನ ಅಂಗಳಾ ತುಳೀಬ್ಯಾಡ’ ಅಂದ್ರು.” ಅವನು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದ. “ಜೈಲು ಮುಗಿಸಿ ಬಂದ್ನಿ, ಲೈಸನ್ಸೂ ತಿರುಗಿ ಬಂತ್ರಿ. ಆದ್ರ ಯಾರೂ ಸ್ಟೇರಿಂಗ್ ಕೊಡಲಿಲ್ಲ. ಮಂದಿ ಟ್ರ್ಯಾಕ್ಟರಿಗೆ ಕಬ್ಬ ಹೇರತೇನಿ. ಹೇರಿದ್ದನ್ನ ಬ್ಯಾರೆಯವ್ರು ಹೊಡಕೊಂಡ ಹೋಗತಾರ, ನಾ ಧೂಳ ನೋಡಕೋತ ನಿಂದರತೇನಿ.”

ಭೀಮರಾಯ ಬಿದ್ದ ಪಾನಾದ ಮೇಲಿಂದ ಕಣ್ಣೆತ್ತಲಿಲ್ಲ. ಅದನ್ನು ಸಿಟ್ಟೆಂದು ತಿಳಿದು ಉದ್ದಪ್ಪ ಇನ್ನಷ್ಟು ಬಾಗಿದ.

“ಖರೇ ಹೇಳತೇನ್ರಿ, ಅವತ್ತ ಬ್ರೇಕ್ ಹಾಕಿದ್ದ ನನಗ ನೆನಪಿಲ್ಲ. ಎಲ್ಲಾರೂ ಹಾಕಿದಿ ಅಂದ್ರು, ನೀವೂ ಪೋಲೀಸರ ಮುಂದ ಹಂಗ ಅಂದ್ರಿ. ಹಾಕಿರಬೇಕು. ಆದ್ರ ಕುಡದಿದ್ದಿಲ್ರಿ. ಕೊರಳಾಗ ತುಳಸಿ ಮಾಲಿ ಇತ್ತು, ಮಾಲಿ ಇದ್ದಾಂವ ಸೆರೆ ಮುಟ್ಟೂದಿಲ್ಲ. ಮಾಲಿ ಹಾಕ್ಕೊಂಡಾಂವಗ ಕುಡುಕ ಅಂದ್ರ ಮಾಲಿಗೆ ಅಪಮಾನ ಅಲ್ಲೇನ್ರಿ? ಅದಕ್ಕ ಪಂಢರಪುರಕ್ಕ ಹೋಗಿ ಹೊಳಿಯಾಗ ಬಿಟ್ಟ ಬಂದ್ನಿ.” ಮಾತಿನ ನಡುವೆ ಅವನ ಬೆರಳು ಬರಿಗೊರಳನ್ನು ಒಮ್ಮೆ ತಡವಿ ಕೆಳಗಿಳಿಯಿತು.

ಮಾಫ್ ಮಾಡಿದ್ದೇನೆ ಎಂಬ ಎರಡೇ ಮಾತು. ಆಡಿದರೆ ಉದ್ದಪ್ಪನಿಗೆ ಕೀಲಿ ಸಿಗುತ್ತಿತ್ತು, ಭೀಮರಾಯನ ಶಾಲು ಭೀಮರಾಯನ ಹೆಗಲ ಮೇಲೆಯೇ ಉಳಿಯುತ್ತಿತ್ತು. ಹಾವೂ ಸಾಯದು, ಕೋಲೂ ಮುರಿಯದು. ಆದರೆ ಮಾಫ್ ಮಾಡಲು ಅಲ್ಲಿ ತಪ್ಪೇ ಇರಲಿಲ್ಲವೆಂಬುದು ಭೀಮರಾಯನೊಬ್ಬನಿಗೇ ಗೊತ್ತಿತ್ತು.

ನಡೆಯುವ ಗಾಡಿಯ ಕಬ್ಬಿಗೆ ಯಜಮಾನನಿಲ್ಲ ಎಂಬುದು ಆ ಸೀಮೆಯ ಮಕ್ಕಳ ಶಾಸ್ತ್ರ. ಹೊಲದ ಕಬ್ಬು ಮುರಿದರೆ ಕಳವು. ರಸ್ತೆಯಲ್ಲಿ ಹೋಗುವ ಹೇರಿನಿಂದ ಒಂದು ಗಳ ಹಿರಿದರೆ ಆಟ. ಭೀಮರಾಯನೂ ಹಾಗೆಯೇ ಬೆಳೆದವನು. ಅಂದು ಎಪ್ಪತ್ತು ಕಿಲೋಮೀಟರ್ ತುಳಿದು ಬಾಯಿ ಒಣಗಿತ್ತು. ಎದುರು ಗಾಳಿ ತಪ್ಪಿಸಿಕೊಳ್ಳಲು, ಎಂದಿನಂತೆ, ಎರಡು ಟ್ರೇಲರಿನ ಟ್ರ್ಯಾಕ್ಟರೊಂದರ ಮರೆ ಹಿಡಿದಿದ್ದ. ಕರೆಯ ಪತ್ರ ಬನಿಯನ್ನಿನ ಕಿಸೆಯಲ್ಲಿತ್ತು; ಮನಸ್ಸು ಹತ್ತು ವರ್ಷದ ಹುಡುಗನದಾಗಿತ್ತು. ಪಕ್ಕಕ್ಕೆ ಬಂದು, ಎರಡು ಟ್ರೇಲರುಗಳ ನಡುವಿನ ಸಂದಿಗೆ ಕೈ ಚಾಚಿ, ಮುಂದಿನದರ ಹಿಂಬದಿಗೆ ಚಾಚಿಕೊಂಡಿದ್ದ ಒಂದು ಗಳ ಹಿಡಿದ. ಅದು ಬರಲಿಲ್ಲ. ಬಿಟ್ಟುಬಿಡಬೇಕಿತ್ತು. ಆದರೆ ಆ ವರ್ಷವೆಲ್ಲ ಗೆದ್ದು ಗೆದ್ದು, ಹಿಡಿದದ್ದನ್ನು ಬಿಡುವುದನ್ನೇ ಆ ಕೈ ಮರೆತಿತ್ತು. ಇನ್ನೊಮ್ಮೆ ಜಗ್ಗಿದ. ಕಬ್ಬು ಮುರಿಯಿತು, ಸೈಕಲ್ ಹೊರಳಿತು, ಹಿಂದಿನ ಗಾಲಿ ಬಂತು.

ಡ್ರೈವರಿಗೆ ಹಿಂದೇನಾಯಿತೆಂದು ತಿಳಿಯಲೂ ಇಲ್ಲ. ಎತ್ತಿನ ಗಾಡಿಯವರು ಕೂಗಿದ ಮೇಲೆ ನಿಲ್ಲಿಸಿದ. ಆಸ್ಪತ್ರೆಯ ದಾರಿಯಲ್ಲಿ ಭೀಮರಾಯನ ಬಿಗಿದ ಮುಷ್ಟಿ ಬಿಡಿಸಿ, ಗೇಣುದ್ದದ ಕಬ್ಬಿನ ತುಂಡನ್ನು ಜೀಪಿನ ಹೊರಗೆ ಎಸೆದವಳು ಅವನ ಅವ್ವ ರಾಮವ್ವ. ಅದರ ಬಗ್ಗೆ ಅವಳು ಸಾಯುವವರೆಗೂ ತುಟಿ ಎರಡು ಮಾಡಲಿಲ್ಲ. ಎಚ್ಚರವಾದಾಗ ಹಾಸಿಗೆಯ ಸುತ್ತ ಊರೇ ನೆರೆದಿತ್ತು. ಕಥೆ ಆಗಲೇ ಬೆಂದು ಬಡಿಸಲು ಸಿದ್ಧವಾಗಿತ್ತು. “ಡ್ರೈವರ್ ಒಮ್ಮೆಲೆ ಬ್ರೇಕ್ ಹಾಕಿದನಲ್ಲ?” ಎಂದು ಪೊಲೀಸರು ಕೇಳಿದರು. ರಾಜ್ಯದ ಚಾಂಪಿಯನ್ ಕಬ್ಬು ಕದಿಯಲು ಹೋಗಿ ಕಾಲು ಕಳೆದುಕೊಂಡನೆಂದು ಹೇಳುವುದು ಹೇಗೆ? ಭೀಮರಾಯ ತಲೆಯಾಡಿಸಿದ.

“ನಡೀರಿ, ಹೋಗೂಣು,” ಎಂದು ಅವನು ಎದ್ದ. ಏನು ಹೇಳುತ್ತೇನೆಂಬುದು ಅವನಿಗೇ ತಿಳಿದಿರಲಿಲ್ಲ.

ರಾವಸಾಹೇಬರ ತೋಟದ ಮನೆ ಒಂದು ಹರದಾರಿ. ಉದ್ದಪ್ಪ ತನ್ನ ಹಳೆಯ ಸೈಕಲ್ ತಂದ. “ಹಿಂದ ಕುಂದರ್ರಿ, ನಾ ತುಳೀತೇನಿ.” ಭೀಮರಾಯ ಕ್ಯಾರಿಯರ್ ಮೇಲೆ ಕುಳಿತು ಎಡಗಾಲನ್ನು ಹೊರಕ್ಕೆ ಚಾಚಿದ. ಎದುರಿನ ಚಹಾದಂಗಡಿಯ ಹನಮಂತ ಕಣ್ಣರಳಿಸಿದ.

“ಏ ಭೀಮರಾಯಾ, ರೇಸಿಗೆ ಹೊಂಟೇನು, ಕ್ಯಾರಿಯರ್ ಮ್ಯಾಲ ಕುಂತು?” ಮತ್ತೆ ಉದ್ದಪ್ಪನ ಕಡೆ ತಿರುಗಿ, “ಉದ್ದ್ಯಾ, ಹುಷಾರೋ ಮಾರಾಯಾ! ಇನ್ನೂ ಒಂದ ಕಾಲ ಉಳದೈತಿ ಅವಂಗ!”

ಬೆಂಚಿನ ಮೇಲಿದ್ದವರು ಹೋ ಎಂದು ನಕ್ಕರು. ಉದ್ದಪ್ಪನೂ, ಬೈಗುಳ ಉಂಡು ಅರಗಿಸಿಕೊಂಡವರು ನಗುವ ಹಾಗೆ, ಹಲ್ಲು ತೋರಿಸಿ ತುಳಿದ.

ಊರು ದಾಟಿದ ಮೇಲೆ ಎದುರಿನಿಂದ ಟ್ರ್ಯಾಕ್ಟರೊಂದು ಬಂತು. ಟೇಪಿನ ಹಾಡು ಅಬ್ಬರಿಸುತ್ತಿತ್ತು. ಶಾಲೆ ಬಿಟ್ಟ ಮಕ್ಕಳು ಪಾಟೀಚೀಲ ಕುಣಿಸುತ್ತ ಹಿಂದೆ ಓಡುತ್ತಿದ್ದವು. ಜಡೆ ಹಾರಿಸುತ್ತ ಓಡುತ್ತಿದ್ದ ಒಬ್ಬ ಹುಡುಗಿ ಜಿಗಿದು ಒಂದು ಗಳಕ್ಕೆ ಜೋತುಬಿದ್ದಳು.

“ಏ, ಬಿಡ್ರೆಲೇ! ಗಾಲಿ ಕೆಳಗ ಹೋಗತೀರಿ!” ಉದ್ದಪ್ಪನ ಕೂಗಿಗೆ ಮಕ್ಕಳು ಚದುರಿದವು. ಅವನು ಏದುಸಿರು ಬಿಡುತ್ತ ತನ್ನಷ್ಟಕ್ಕೆ ಎಂಬಂತೆ ಹೇಳಿದ: “ಅವತ್ತ ನಾ ಒಮ್ಮಿ ಹಿಂದ ಹೊಳ್ಳಿ ನೋಡಿದ್ರ ಆಗತಿತ್ತರಿ. ನೋಡಲಿಲ್ಲ. ಅದೊಂದ ಖರೇ ತಪ್ಪ.”

ಮುಖ ಕಾಣುತ್ತಿರಲಿಲ್ಲ, ಬೆವರಿದ ಬೆನ್ನಷ್ಟೇ ಎದುರಿಗಿತ್ತು. ಬೆನ್ನಿಗೆ ಹೇಳುವುದು ಮುಖಕ್ಕೆ ಹೇಳುವುದಕ್ಕಿಂತ ಹಗುರವೆನ್ನಿಸಿತು.

“ಉದ್ದಪ್ಪ ಕಾಕಾ, ನೀವ ಬ್ರೇಕ್ ಹಾಕಿದ್ದಿಲ್ರಿ. ನಾ ಕಬ್ಬ ಜಗ್ಗಾಕ ಹೋಗಿದ್ನಿ.”

ಪೆಡಲ್ ನಿಂತಿತು. ಸೈಕಲ್ ತಾನೇ ನಾಲ್ಕು ಮಾರು ಹೋಗಿ ನಿಂತಿತು. ಉದ್ದಪ್ಪ ಹಿಂದಕ್ಕೆ ತಿರುಗಲಿಲ್ಲ, ಒಂದು ಕಾಲು ನೆಲಕ್ಕೂರಿ, ರಸ್ತೆಯನ್ನೇ ನೋಡುತ್ತ ಕೇಳಿದ:

“ಯಾವ ಟ್ರೇಲರಿಂದು?”

“ಮುಂದಿನದರದು.”

“ಬರಲಿಲ್ಲೇನು?”

“ಬರಲಿಲ್ಲ.”

“ಬಿಡಬೇಕಿಲ್ಲೇನ್ರಿ?”

“ಬಿಡಬೇಕಾಗಿತ್ತು.”

ಉದ್ದಪ್ಪ ತನ್ನ ಬಲಗಾಲನ್ನು, ಬ್ರೇಕ್ ತುಳಿಯುವ ಕಾಲನ್ನು, ಹೊಸದಾಗಿ ಕಂಡವನಂತೆ ನೋಡಿದ. “ಹಂಗಾರ ನಾ ಹಾಕಿಲ್ಲ,” ಎಂದ. ಮತ್ತೊಮ್ಮೆ, ಮೆಲ್ಲಗೆ: “ನಾ ಹಾಕಿಲ್ಲ.” ಆಮೇಲೆ ಮಾತಿನಿಂದ ಒಂಬತ್ತು ವರ್ಷದ ಮರ್ಯಾದೆ ಕಳಚಿ ಬಿತ್ತು.

“ಇಳಿ.”

ಭೀಮರಾಯ ಇಳಿದ. ಹೊಡೆಯುತ್ತಾನೆಂದೇ ತಿಳಿದು ಕಾದ. ಉದ್ದಪ್ಪ ಹೊಡೆಯಲಿಲ್ಲ.

“ಒಂದಿನಾ ನನ್ನ ಹೇಣತಿ ಕೇಳಿದ್ಲು: ‘ಖರೇನ ಕುಡದಿದ್ರೇನು?’ ಇಪ್ಪತ್ತ ವರ್ಷ ಬಾಳೇ ಮಾಡಿದಾಕಿ. ಅಕಿನೂ ಕೇಳಿದ್ಲು ನೋಡು. ಸಿಟ್ಟ ಬಂತು, ಉತ್ತರಾ ಕೊಡಲಿಲ್ಲ. ಈಗ ಕೊಡತಿದ್ನಿ, ಆದ್ರ ಅಕಿ ಇಲ್ಲ.” ಅವನು ಸೈಕಲ್ ನೂಕುತ್ತ ಮುಂದೆ ನಡೆದ. “ಬಾ. ಅವರ ಮುಂದ ಹೇಳು.”

ಉಳಿದ ದಾರಿಯನ್ನು ಭೀಮರಾಯ ಕಾಲೆಳೆಯುತ್ತ ನಡೆದ. ಹಿಂದೆ ಸೈಕಲ್ ಮೇಲೆ ಇಷ್ಟು ದಾರಿ ಅವನಿಗೆ ಐದು ನಿಮಿಷದ್ದಾಗಿತ್ತು.

ಅಂಗಳದಲ್ಲಿ ಹೇರಿದ ಟ್ರ್ಯಾಕ್ಟರ್ ಡ್ರೈವರಿಲ್ಲದೆ ನಿಂತಿತ್ತು. ಕಟ್ಟೆಯ ಮೇಲಿದ್ದ ರಾವಸಾಹೇಬರು ಎರಡೂ ಕೈ ಚಾಚಿದರು. “ಬಾರೋ ನನ್ನ ಹುಲೀ! ಏ, ಭೀಮ್ಯಾಗ ಕುರ್ಚಿ ತಾ, ಅವಂಗ ಕೆಳಗ ಕುಂದರಾಕ ಬರೂದಿಲ್ಲ.” ಅವರ ಹೆಂಡತಿ ಪದ್ಮವ್ವ ಕುರ್ಚಿಯನ್ನೂ ಮಜ್ಜಿಗೆಯನ್ನೂ ತಂದಳು. ಭೀಮರಾಯ ನಿಂತೇ ಹೇಳಿದ, ಒಂದೂ ಬಿಡದೆ. ಪತ್ರ ಕಿಸೆಯಲ್ಲಿದ್ದದ್ದು, ಗಳ ಬರದಿದ್ದದ್ದು, ಪೊಲೀಸರ ಮುಂದೆ ತಲೆಯಾಡಿಸಿದ್ದು.

ರಾವಸಾಹೇಬರು ಕೇಳಿ ಮುಗಿಸಿ, ಕಣ್ಣೊರೆಸಿಕೊಂಡು ನಕ್ಕರು. “ಕೇಳಿದಿ ಏನ ಪದ್ಮಾ? ಈ ಉದ್ದ್ಯಾನ ಹೊಟ್ಟೀ ಸಲುವಾಗಿ ಕಳವು ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ! ಇಂಥಾ ಮನಸ ಎಲ್ಲಿ ಸಿಗತೈತಿ? ಉದ್ದ್ಯಾ, ಅವನ ಕಾಲಿಗೆ ಬೀಳಲೇ!”

ಸುಳ್ಳಿಗೆ ಒಮ್ಮೆ ತಲೆಯಾಡಿಸಿದ್ದು ಸಾಕಾಗಿತ್ತು. ನಿಜವನ್ನು ಬಾಯಿಬಿಟ್ಟು ಹೇಳಿದರೂ ಅದು ಇನ್ನೊಂದು ಶಾಲಾಗಿ ಹೆಗಲಿಗೇ ಬರುತ್ತಿತ್ತು. ಉದ್ದಪ್ಪ ಅಲುಗದೆ ನಿಂತಿದ್ದ. ಆ ಕಣ್ಣಿನಲ್ಲಿ ಬೇಡಿಕೆ ಉಳಿದಿರಲಿಲ್ಲ, ಕಾಯುವಿಕೆ ಇತ್ತು.

ಭೀಮರಾಯ ಟ್ರೇಲರಿನ ಹಿಂಬದಿಗೆ ಹೋದ. ಹೇರಿಗೆ ಕಚ್ಚಿ ಬಿಗಿದ ಹಗ್ಗದ ಕೆಳಗಿನ ಗಳಗಳ ಮೇಲೆ ಅಂಗೈ ಆಡಿಸಿದ. ಎಳೆಯುವುದು ಅರಿಯದವರ ಕೆಲಸ. ಬಲ್ಲವರು ಮೊದಲು ಒಳಕ್ಕೆ ಒತ್ತುತ್ತಾರೆ. ಅವನು ಒಂದನ್ನು ಆರಿಸಿ, ಹೆಬ್ಬೆರಳು ಕೆಳಗಿಟ್ಟು ಒತ್ತಿದ, ಅರ್ಧ ಸುತ್ತು ತಿರುವಿದ, ಮತ್ತೆ ಸದ್ದಿಲ್ಲದೆ ಹಿರಿದ. ಆಳುದ್ದದ ಕಬ್ಬು ಒರೆಯಿಂದ ಕತ್ತಿ ಬಂದ ಹಾಗೆ ಬಂತು. ಪಕ್ಕದ ಒಂದು ಎಲೆಯೂ ಮಿಸುಕಲಿಲ್ಲ.

“ಇದು ಒಂದಿನದಾಗ ಕಲತ ಕೈ ಅಲ್ಲ ಕಾಕಾ. ಅವತ್ತ ಅಷ್ಟ ಮೊದಲ ಒತ್ತಲಿಲ್ಲ. ಪಟಿಯಾಲಾಕ್ಕ ಹೋಗಾಂವ ನಾ. ಕಬ್ಬ ತಾನ ಬರಬೇಕು ಅನಿಸಿತ್ತು. ಜಗ್ಗಿದ್ನಿ.”

ರಾವಸಾಹೇಬರು ಮೂವತ್ತು ಹಂಗಾಮು ಕಬ್ಬು ಕಳಿಸಿದವರು. ಕಬ್ಬು ಹಿರಿಯುವ ಕೈಯನ್ನು ಗುರುತಿಸದಷ್ಟು ಹೊಸಬರಲ್ಲ. ನಗು ಮುಖದಿಂದ ಇಳಿಯಿತು. ಅವರು ಮೊದಲು ಕಬ್ಬನ್ನು, ಆಮೇಲೆ ಉದ್ದಪ್ಪನ ಬರಿಗೊರಳನ್ನು ನೋಡಿದರು.

“ಎಂಟ ಸಲ,” ಎಂದರು. “ಎಂಟ ಸಲ ಮೈಕಿನ್ಯಾಗ ನನ್ನ ಬಾಯಿಲೆ ಹೇಳಿಸಿದಿ. ಕುಡುಕ ಅಂತ.” ಅಷ್ಟು ಹೇಳಿ ಬಾಗಿಲ ಮೊಳೆಗೆ ತೂಗಿದ್ದ ಕೀಲಿಯನ್ನು ತೆಗೆದು, ಎಸೆಯದೆ, ತಾವೇ ಮೆಟ್ಟಿಲಿಳಿದು ಉದ್ದಪ್ಪನ ಕೈಯಲ್ಲಿಟ್ಟರು. ಭೀಮರಾಯನ ಕಡೆ ನೋಡದೆ ಹೇಳಿದರು: “ಇಪ್ಪತ್ತಾರಕ್ಕ ಸಾಲಿಗೆ ಬಾ. ಶಾಲು ಇಲ್ಲ. ಮೈಕ್ ನಿನ್ನ ಕೈಯಾಗ.”

ಪದ್ಮವ್ವ ಮುಟ್ಟದೆ ಉಳಿದ ಮಜ್ಜಿಗೆಯ ಲೋಟವನ್ನು ಒಳಗೊಯ್ದಳು. ಕುರ್ಚಿ ಅಂಗಳದಲ್ಲಿಯೇ ಉಳಿಯಿತು. ಕುಳಿತುಕೋ ಎಂದು ಯಾರೂ ಹೇಳಲಿಲ್ಲ.

ಉದ್ದಪ್ಪ ಎರಡೂ ಟ್ರೇಲರುಗಳನ್ನು ಸುತ್ತಿ, ಹಗ್ಗ ಜಗ್ಗಿ ನೋಡಿ, ನಡುವಿನ ಸಂದಿಯಲ್ಲಿ ಬಾಗಿ ಇಣುಕಿದ. ಭೀಮರಾಯನ ಕೈಯಲ್ಲಿದ್ದ ಕಬ್ಬನ್ನು ತೆಗೆದುಕೊಂಡು ಹೇರಿನೊಳಗೆ ತುರುಕಲು ನೋಡಿದ. ಸಂದು ಆಗಲೇ ಮುಚ್ಚಿತ್ತು. ಅಡ್ಡವಾಗಿ ಹಗ್ಗದ ಕೆಳಗೆ ಸಿಕ್ಕಿಸಿದ. ಮೇಲೇರಿ, ಎಂಜಿನ್ ಹಚ್ಚಿ, ಸ್ಟೇರಿಂಗ್ ಮೇಲೆ ಕೈಯಿಟ್ಟು ಒಂದು ಗಳಿಗೆ ಕುಳಿತ.

“ಮನಿಗೆ ಹೆಂಗ ಹೋಗತಿ?”

“ನಡಕೋತ.”

“ನನ್ನ ಸೈಕಲ್ ಒಯ್ಯಿ, ಆಸರಾ ಆಕೈತಿ. ಹಿಂದಿನ ಬ್ರೇಕ್ ಹಿಡಿಯೂದಿಲ್ಲ. ತಿದ್ದಿ ಇಡು, ನಾಳೆ ಬರತೇನಿ.” ಹಿಂದೆ ಹೊರಳಿ, ಎಡಕ್ಕೂ ಬಲಕ್ಕೂ ನೋಡಿ, ಆಮೇಲೆ ಗೇರ್ ಹಾಕಿದ.

ಭೀಮರಾಯ ಸೈಕಲ್ ನೂಕುತ್ತ ಮೂಡಲಗಿ ತಲುಪಿದಾಗ ಹನಮಂತ ಚಹಾ ಸೋಸುತ್ತಿದ್ದ.

“ಏನಾತೋ? ಉದ್ದ್ಯಾ ಎಲ್ಲಿ?”

“ಟ್ರ್ಯಾಕ್ಟರ್ ಮ್ಯಾಲ ಅದಾನ.”

“ಅಂದ್ರ ಮಾಫ ಮಾಡಿದಿ. ಭಾಳ ದೊಡ್ಡಾಂವ ಬಿಡಪಾ ನೀ.”

“ಅಂವ ಇನ್ನೂ ಮಾಡಿಲ್ಲ,” ಎಂದ ಭೀಮರಾಯ.

ಹನಮಂತನ ಜರಡಿ ಗಾಳಿಯಲ್ಲಿಯೇ ನಿಂತಿತು. ಬೆಂಚಿನವರು ಅವನ ಕಡೆ ತಿರುಗಿದರು. ಇಪ್ಪತ್ತಾರಕ್ಕೆ ಇನ್ನೂ ದಿನಗಳಿದ್ದವು. ಆದರೂ ಭೀಮರಾಯ ಸೈಕಲನ್ನು ಮರಕ್ಕೆ ಒರಗಿಸಿ, ಪಾನಾ ಹುಡುಕಿ ಎತ್ತಿಕೊಂಡು, ಕಾಲು ಚಾಚಿ ಅವರ ಎದುರಿಗೇ ಕುಳಿತ. ಬ್ರೇಕಿನ ತಿರುಪು ಬಿಚ್ಚುತ್ತ, ಮೊದಲಿನಿಂದ ಹೇಳತೊಡಗಿದ.