ನೋಡಿದ್ದು ಮಾತ್ರ

ಗಲಭೆಯಲ್ಲಿ ರೈಲು ಹಳಿಯ ಆಚೆ ಬದಿಯ ಶಾಲೆ ಸುಟ್ಟುಹೋದ ಮೇಲೆ ಅಲ್ಲಿನ ಮಕ್ಕಳನ್ನು ಈಚೆಯ ಶಾಲೆಗೆ ತಂದು ಸೇರಿಸಿದರು. ಏಳನೇ ತರಗತಿಯ ಟೀಚರ್‌ಗೆ ಮೊದಲೇ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಈಗ ಒಂದೇ ಕೋಣೆಯಲ್ಲಿ ಎರಡು ಶಾಲೆ. ಕಿಟಕಿಯ ಕಡೆ ಇವರು, ಗೋಡೆಯ ಕಡೆ ಅವರು. ಬೆಂಚುಗಳನ್ನು ಎಷ್ಟು ಸಲ ಹತ್ತಿರ ತಳ್ಳಿಸಿದರೂ ಊಟದ ಬಿಡುವು ಮುಗಿಯುವಷ್ಟರಲ್ಲಿ ಅವು ದೂರ ಸರಿದಿರುತ್ತಿದ್ದವು. ಕೊನೆಗೆ ಆಕೆ ತಳ್ಳಿಸುವುದನ್ನೇ ಬಿಟ್ಟಳು.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಗಂಡನ ಸೈಕಲ್ ಅಂಗಡಿ ಅದೇ ಗಲಭೆಯಲ್ಲಿ ಬೂದಿಯಾಗಿತ್ತು. ಆಗ ಸುಟ್ಟ ಅವನ ಬಲಗೈ ಬೆರಳುಗಳನ್ನು ಇನ್ನೂ ಮಡಚಲು ಬರುತ್ತಿರಲಿಲ್ಲ. ಬೆಳಿಗ್ಗೆ ಆಕೆ ಅಂಗಿಯ ಗುಂಡಿ ಹಾಕಿಕೊಡುವಾಗ, “ಗಂಟಲು ಹರ್ಕೊಂಡು ಪಾಠ ಹೇಳು ಅವರ ಮಕ್ಕಳಿಗೆ. ದೊಡ್ಡವರಾಗಿ ಬಂದು ಇನ್ನೊಂದು ಅಂಗಡಿ ಸುಡ್ತಾರೆ,” ಎನ್ನುತ್ತಿದ್ದ.

“ಕತ್ತು ಎತ್ತಿ, ಮೇಲಿನ ಗುಂಡಿ ಸಿಗ್ತಿಲ್ಲ,” ಎಂದಷ್ಟೇ ಆಕೆ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಇತಿಹಾಸದ ಪಾಠ ನಡೆಯುತ್ತಿದ್ದಾಗ ಕಿಟಕಿಯ ಕಡೆಯಿಂದ, ಎಲ್ಲರೂ ವಾಚಾಳಿ ಎಂದು ಕರೆಯುತ್ತಿದ್ದ ಹುಡುಗ ಎದ್ದು ನಿಂತ. “ಟೀಚರ್, ಗಲಾಟೆ ಶುರು ಮಾಡಿದ್ದು ಯಾರು?”

“ನೀವೇ,” ಎಂದು ಗೋಡೆಯ ಕಡೆಯಿಂದ ಉತ್ತರ ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಮಕ್ಕಳು ಬೆಂಚು ಹತ್ತಿದ್ದರು. ಕಂಪಾಸ್ ಪೆಟ್ಟಿಗೆಯೊಂದು ಹಾರಿಬಂದು ಕಪ್ಪುಹಲಗೆಗೆ ಬಡಿಯಿತು. ಕೂಗಾಡಲು ಆಕೆಗೆ ತ್ರಾಣವಿರಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತಳು. ಆಕೆ ಸುಮ್ಮನಿದ್ದದ್ದು ನೋಡಿ ಮಕ್ಕಳೂ ಒಬ್ಬೊಬ್ಬರಾಗಿ ಕೆಳಗಿಳಿದರು.

“ಯಾರು ಶುರು ಮಾಡಿದ್ರೋ ನಾನು ನೋಡಿಲ್ಲ,” ಎಂದಳು. “ನೀವು ನೋಡಿದ್ದು ಮಾತ್ರ ಹೇಳಿ. ಅಪ್ಪ ಹೇಳಿದ್ದು, ಮಾವ ಹೇಳಿದ್ದು ಬೇಡ. ಅವತ್ತು ಎಲ್ಲಿದ್ರಿ?”

ಈ ಶಾಲೆಗೆ ಬಂದಾಗಿನಿಂದ ತುಟಿ ಬಿಚ್ಚದ ಹುಡುಗಿಯೊಬ್ಬಳು ಗೋಡೆಯ ಕಡೆಯಿಂದ ಹೇಳಿದಳು: “ಬಚ್ಚಲಲ್ಲಿ. ತಮ್ಮ ಅಳ್ತಾನೆ ಅಂತ ಅವನ ಬಾಯಿ ಮುಚ್ಚಿ ಹಿಡಿದಿದ್ದೆ. ಬೆರಳು ಕಚ್ಚಿಬಿಟ್ಟ.”

“ನಾವೂ ಬಚ್ಚಲಲ್ಲೇ,” ಎಂದ ವಾಚಾಳಿ. “ನಲ್ಲಿ ತೊಟ್ಟಿಕ್ತಿತ್ತು. ಹೊರಗೆ ಕೇಳುತ್ತೆ ಅಂತ ಅಜ್ಜಿ ಕೆಳಗೆ ಟವೆಲ್ ಇಟ್ರು.”

ಯಾರೋ ಕಿಸಕ್ಕನೆ ನಕ್ಕರು. “ನಗಬೇಡಿ,” ಎಂದಳು ಹುಡುಗಿ. “ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತೆ.”

ಗಂಟೆ ಬಾರಿಸಿದಾಗ ಒಬ್ಬರೂ ಏಳಲಿಲ್ಲ.

ಮಾರನೆಯ ದಿನ ಆ ಹುಡುಗಿ ಬರಲಿಲ್ಲ. ಹೆಡ್‌ಮಾಸ್ತರರು ಟೀಚರನ್ನು ಕರೆಸಿದರು. “ಆರ್ತಿರೋ ಗಾಯ ಯಾಕಮ್ಮಾ ಕೆದಕ್ತೀರಿ? ಎರಡೂ ಕಡೆಯವರು ಬಂದು ಕೂಗಾಡಿ ಹೋದ್ರು. ಅವರಿಬ್ಬರೂ ಒಪ್ಪೋ ವಿಷಯ ಅಂದ್ರೆ ನಿಮ್ಮನ್ನ ಬೈಯೋದೊಂದೇ.”

“ಅಷ್ಟಾದ್ರೂ ಒಪ್ಪಿದ್ರಲ್ಲ ಸಾರ್.”

ಇಬ್ಬರಿಗೂ ನಗು ಬರಲಿಲ್ಲ.

ಶಾಲೆ ಬಿಟ್ಟ ಮೇಲೆ ಆಕೆ ಹಳಿ ದಾಟಿ ಹುಡುಗಿಯ ಮನೆ ಹುಡುಕಿಕೊಂಡು ಹೋದಳು. ಗಲಭೆಯ ನಂತರ ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ತಾಯಿ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ.

“ಇಷ್ಟು ದಿನ ಮೂಕಿ ಥರ ಇದ್ದವಳು ನಿನ್ನೆ ಎಲ್ಲಾನೂ ಹೇಳಿ ಅತ್ತಳು. ಅವರಪ್ಪ ಹೆದರಿಬಿಟ್ರು.”

“ನಿಮಗೆ?”

“ಹೆದರಿ ಹೆದರಿ ಸಾಕಾಗಿದೆ ಟೀಚರ್.”

“ನಂಗೂ ಸಾಕಾಗಿದೆ,” ಎನ್ನುತ್ತ ಆಕೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ತಾಯಿ ಒಳಗಿನಿಂದ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು.

“ಮತ್ತೆ ಗಲಾಟೆ ಆದ್ರೆ ನನ್ನ ಮಗಳನ್ನ ಕಾಪಾಡ್ತೀರಾ?”

“ಬಾಗಿಲು ಹಾಕಿ ಅಡ್ಡ ನಿಲ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ.”

ತಾಯಿ ಖಾಲಿ ಲೋಟ ಎತ್ತಿಕೊಂಡಳು. “ಏನೂ ಆಗಲ್ಲ ಅಂತ ಸುಳ್ಳು ಹೇಳಲಿಲ್ಲವಲ್ಲ. ಕಳಿಸ್ತೀನಿ.”

ಹುಡುಗಿ ಮರಳಿ ಬಂದಳು. ಕಿಟಕಿಯ ಕಡೆಯ ಇಬ್ಬರು ಮಾತ್ರ ಶಾಲೆ ಬಿಟ್ಟು ದೂರದ ಇನ್ನೊಂದಕ್ಕೆ ಸೇರಿದರು. ಹೆಂಡತಿ ಹಳಿ ದಾಟಿದ ಸುದ್ದಿ ಕಿವಿಗೆ ಬಿದ್ದ ಮೇಲೆ ಗಂಡ ಕೆಲವು ದಿನ ಮಾತು ಬಿಟ್ಟ. ಮತ್ತೆ ಮಾತಾಡಿದಾಗಲೂ ಅವನ ಅಭಿಪ್ರಾಯ ಬದಲಾಗಿರಲಿಲ್ಲ.

ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಈಗ ಮಕ್ಕಳೇ ಕೇಳುತ್ತಾರೆ: “ಟೀಚರ್, ಇವತ್ತು ಮಾತಾಡೋಣ್ವಾ?” ಕೆಲವು ಸಲ ಜಗಳವಾಗುತ್ತದೆ, ಕೆಲವು ಸಲ ಯಾರೂ ಬಾಯಿ ಬಿಡುವುದಿಲ್ಲ. ಆಕೆ ಬಾಗಿಲು ಮುಂದೆ ಮಾಡಿ, ದಿನವಿಡೀ ನಿಂತು ನೋಯುವ ಕಾಲು ಚಾಚಿ ಕೂತು ಕೇಳುತ್ತಾಳೆ.