ಅಪ್ಪನ ಆಕ್ಷೇಪಣೆ

"ಆಕ್ಷೇಪಣೆ ಇದೆ," ಎಂದಿತು ಮುಂದಿನ ಸಾಲಿನ ಖಾಲಿ ಕುರ್ಚಿ.

ಹಿಂದಿನ ಸಾಲಿನಲ್ಲಿ ಕೂತಿದ್ದ ಮಗಳು ಕಣ್ಣು ಮುಚ್ಚಿಕೊಂಡಳು. ಬೆಳಗಿನಿಂದ ಈ ಮಾತನ್ನೇ ಕೇಳಿ ಕೇಳಿ ಅವಳ ತಲೆ ಚಿಟ್ಟು ಹಿಡಿದಿತ್ತು. ಕುರ್ಚಿ ಅವಳ ಅಪ್ಪನದು. ಅಪ್ಪ ತೀರಿಕೊಂಡು ವರ್ಷಗಳೇ ಆಗಿದ್ದವು. ಆದರೆ ಸಾಯುವುದು ಈ ಸಭೆಯಲ್ಲಿ ಯಾರಿಗೂ ಗೈರುಹಾಜರಾಗಲು ಕಾರಣವಾಗಿರಲಿಲ್ಲ.

ಊರನ್ನು ಆಳುತ್ತಿದ್ದದ್ದು ಮಂತ್ರಪಂಡಿತರ ಸಭೆ. ಚರಂಡಿ ಯಾವ ಕಡೆ ಹರಿಯಬೇಕು ಎನ್ನುವುದರಿಂದ ಹಿಡಿದು ಮಳೆ ಯಾವ ಬೀದಿಗೆ ಮೊದಲು ಬೀಳಬೇಕು ಎನ್ನುವವರೆಗೆ ಎಲ್ಲವೂ ಇಲ್ಲೇ ತೀರ್ಮಾನವಾಗಬೇಕು, ಅದೂ ಒಮ್ಮತದಿಂದ. ಒಬ್ಬರು ಬೇಡವೆಂದರೂ ಮುಗಿಯಿತು. ಪಂಡಿತರೊಬ್ಬರ ಉಸಿರು ನಿಂತ ಕೂಡಲೇ ಅವರ ದನಿಯನ್ನು ಅವರ ಕುರ್ಚಿಯ ಮರಕ್ಕೆ ಇಳಿಸುವುದು ಪದ್ಧತಿ. ಅನುಭವ ಪೋಲಾಗಬಾರದಲ್ಲ! ಹಾಗಾಗಿ ಮುಂದಿನ ಸಾಲುಗಳಲ್ಲಿ ಬರೀ ಕುರ್ಚಿಗಳೇ ಕೆಮ್ಮುತ್ತ, ಗೊಣಗುತ್ತ, ಒಂದರ ಮಾತಿಗೆ ಇನ್ನೊಂದು ಬಾಯಿ ಹಾಕುತ್ತ ಕೂತಿರುತ್ತಿದ್ದವು. ಬದುಕಿದ್ದವರಿಗಾದರೆ ಹಸಿವಾಗುತ್ತಿತ್ತು, ಮನೆಯ ನೆನಪಾಗುತ್ತಿತ್ತು. ಕುರ್ಚಿಗಳಿಗೆ ಅಂಥ ತಾಪತ್ರಯ ಯಾವುದೂ ಇರಲಿಲ್ಲ.

ಇವತ್ತಿನ ವಿಷಯ ಅಮ್ಮನ ಕಾಲು.

ನಿನ್ನೆ ಅಮ್ಮ ಅಟ್ಟದ ಏಣಿಯಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಳು. ಮೂಳೆ ವೈದ್ಯರು ಬಂದು ನೋಡಿ, "ಇದು ಮನೇಲಿ ಆಗೋ ಕೆಲಸ ಅಲ್ಲಮ್ಮ. ನಮ್ಮಲ್ಲಿ ಕಲ್ಲಿನ ಮೇಜಿದೆ, ರಾಟೆ ಇದೆ, ಅದರಲ್ಲೇ ಎಳೆದು ಕೂರಿಸಬೇಕು. ಇವತ್ತೋ ನಾಳೆ ಸಂಜೆಯೊಳಗೋ ಕರಕೊಂಡು ಬನ್ನಿ. ತಡವಾದ್ರೆ ಓರೆಯಾಗಿ ಕೂತುಬಿಡುತ್ತೆ, ಆಮೇಲೆ ಇವರು ನಡೆಯೋ ಆಸೆ ಬಿಡಬೇಕು," ಎಂದು ಹೇಳಿಹೋಗಿದ್ದರು.

ಡೋಲಿ ಬಂತು. ಅಮ್ಮನನ್ನು ಮಲಗಿಸಿದ್ದಾಯಿತು. ಮುಂಬಾಗಿಲಲ್ಲಿ ಡೋಲಿ ನಿಂತುಬಿಟ್ಟಿತು, ಕಾಣದ ಹಾಸಿಗೆಯೊಂದಕ್ಕೆ ಗುದ್ದಿದ ಹಾಗೆ. ಹಿತ್ತಿಲ ಬಾಗಿಲಲ್ಲೂ ಅದೇ ಕತೆ. ಕಿಟಕಿಯ ಸರಳು ಕಿತ್ತು ನೋಡಿದರು. ಊಹೂಂ.

ಇದು ಅಪ್ಪನ ಮಂತ್ರ. ಅಪ್ಪ ಬದುಕಿದ್ದಾಗ ಮನೆಯಿಂದ ಒಂದು ಹಳೇ ಪೊರಕೆ ಹೊರಗೆ ಹೋದರೂ ಕರುಳು ಕಿತ್ತು ಬಂದವರ ಹಾಗೆ ಆಡುತ್ತಿದ್ದ. ಒಮ್ಮೆ ಅಮ್ಮ ಹಿಡಿ ಮುರಿದ ಲೋಟವನ್ನು ಬೀದಿಗೆಸೆದಳು. ಅಪ್ಪ ಅದನ್ನು ಹೆಕ್ಕಿ ತಂದು, ಮನೆಗೆ ಸೇರಿದ್ದು ಯಾವುದು ಮುರಿದರೂ ರಿಪೇರಿಯಾಗುವ ತನಕ ಹೊಸ್ತಿಲು ದಾಟಕೂಡದೆಂದು ಮಂತ್ರ ಹಾಕಿ ಕೂತ. ರಿಪೇರಿ ಮಾತ್ರ ಜನ್ಮದಲ್ಲಿ ಮಾಡಲಿಲ್ಲ. ಅಂದಿನಿಂದ ಮನೆಯ ಅರ್ಧ ಭಾಗ ಕಡ್ಡಿ ಮುರಿದ ಕೊಡೆಗಳದ್ದು, ಮುಚ್ಚಳವಿಲ್ಲದ ಪೆಟ್ಟಿಗೆಗಳದ್ದು. ಅಮ್ಮ ಏಣಿಯಿಂದ ಜಾರಿದ್ದೂ ಆ ರಾಶಿಯಲ್ಲಿ ಕಾಲಿಡಲು ಜಾಗ ಹುಡುಕುವಾಗಲೇ.

ಹಾಕಿದವರು "ಬಿಟ್ಟೆ" ಅಂದರೆ ಮಂತ್ರ ಬಿಡುತ್ತದೆ. ಹಾಗೆ ಅನ್ನುವ ಮೊದಲು ಸಭೆಯ ಒಪ್ಪಿಗೆ ಬೇಕು. ಅಪ್ಪನೂ ಸಭೆಯ ಸದಸ್ಯನೇ. ಆತನೇ ಒಪ್ಪುತ್ತಿಲ್ಲ.

"ಮಂತ್ರದಲ್ಲಿ ದೋಷ ಇದ್ದರೆ ತೋರಿಸಲಿ," ಎಂದ ಅಪ್ಪ. "ಹೇಳಿದ್ದನ್ನ ಹೇಳಿದ ಹಾಗೆ ಮಾಡ್ತಿದೆ. ಸರಿಯಾಗಿ ಕೆಲಸ ಮಾಡೋ ಮಂತ್ರವನ್ನ ಬಿಡೋ ಪದ್ಧತಿ ಶುರುವಾದ್ರೆ ನಾಳೆ ಎಲ್ಲಿಗೆ ಹೋಗಿ ನಿಲ್ಲುತ್ತೆ?"

"ಅದಕ್ಕೂ ಮೊದಲು," ಎಂದು ಗಡ್ಡದ ಪಂಡಿತ ಎದ್ದು ನಿಂತ. ಅವನು ಬದುಕಿದ್ದವರಲ್ಲಿ ಹಿರಿಯ. "ಮುರಿಯೋದು ಅಂದ್ರೇನು ಅನ್ನೋದು ಇತ್ಯರ್ಥ ಆಗಲಿ. ಬಿರುಕನ್ನ ಮುರಿತ ಅನ್ನಬಹುದಾ?"

"ಎರಡು ತುಂಡಾಗಿದೆ ಸ್ವಾಮಿ!" ಎಂದಳು ಮಗಳು.

"ಹಾಗಂತ ನೀವು ಹೇಳ್ತೀರಿ."

"ಅಮ್ಮ ಅಲ್ಲಿ ನೋವಿಗೆ ಸೆರಗು ಕಚ್ಚಿಕೊಂಡು ಮಲಗಿದಾಳೆ!"

ಅಧ್ಯಕ್ಷರು ಕಿವಿಗೆ ಕಡ್ಡಿ ಹಾಕಿ ತಿರುಗಿಸುತ್ತ ಮರುಕದಿಂದ ನೋಡಿದರು. "ನೋವಿನ ವಿಷಯ ಇವತ್ತಿನ ಚರ್ಚೆಯಲ್ಲಿ ಬರೋದಿಲ್ಲಮ್ಮ. ಬೇಕಾದ್ರೆ ಪ್ರತ್ಯೇಕವಾಗಿ ಎತ್ತಿ."

ಮಗಳಿಗೆ ಆ ಕಡ್ಡಿಯನ್ನು ಇನ್ನಷ್ಟು ಒಳಗೆ ತಳ್ಳಬೇಕೆನಿಸಿತು. ತನಗೂ ಒಂದು ಕುರ್ಚಿ ಬೇಕೆಂದು ಹಠ ಹಿಡಿದು, ರಾತ್ರಿ ಹಗಲು ಓದಿ, ಈ ಸಭೆಗೆ ಬಂದು ಸೇರಿದವಳು ಅವಳೇ. ಯಾರನ್ನು ಬೈಯುವುದು? ಸಿಟ್ಟನ್ನು ನುಂಗಿಕೊಂಡು, ಇವರ ಭಾಷೆಯಲ್ಲೇ ಇವರಿಗೆ ಹೇಳೋಣ ಎಂದು ಎದ್ದಳು.

"ಸ್ಥಳ ಪರಿಶೀಲನೆ ಆಗಲಿ. ಮಂತ್ರ ಹಾಕಿದವರೇ ಬಂದು ನೋಡಲಿ."

ಸಭೆಯ ಮುಖ ಅರಳಿತು. ಸ್ಥಳ ಪರಿಶೀಲನೆ ಅಂದರೆ ತೀರ್ಮಾನ ಮುಂದಕ್ಕೆ ಹೋಗುತ್ತದೆ. ಅದಕ್ಕೆ ಬೇಡವೆಂದವರು ಇತಿಹಾಸದಲ್ಲೇ ಇಲ್ಲ. ಅಪ್ಪ ಮಾತ್ರ, "ಮಧ್ಯಾಹ್ನದ ಗಂಟೆಯೊಳಗೆ ನನ್ನನ್ನ ವಾಪಸ್ ತಂದು ಕೂರಿಸಬೇಕು," ಎಂದ. ಮಧ್ಯಾಹ್ನ ಗಡ್ಡದ ಪಂಡಿತನ ಪ್ರಸ್ತಾಪವಿತ್ತು: ತೀರಿಕೊಂಡವರ ಕುರ್ಚಿಗಳನ್ನೆಲ್ಲ ಹಿಂದಿನ ಸಾಲಿಗೆ ಹಾಕಬೇಕು. ಅದನ್ನು ಪ್ರತಿ ಸಲ ಅಡ್ಡಗಟ್ಟಿ ನಿಲ್ಲಿಸುತ್ತಿದ್ದವನು ಅಪ್ಪನೊಬ್ಬನೇ. ಉಳಿದ ಕುರ್ಚಿಗಳು ಆ ಹೊತ್ತಿಗೆ ವಿಷಯವೇನೆಂಬುದನ್ನೇ ಮರೆತು ಹೂಂಗುಟ್ಟುತ್ತಿದ್ದವು.

ಇಬ್ಬರು ಹಮಾಲಿಗಳು ಕುರ್ಚಿ ಹೊತ್ತು ಬೀದಿಯಲ್ಲಿ ನಡೆದರು. ಅಪ್ಪ ದಾರಿಯುದ್ದಕ್ಕೂ ರಸ್ತೆಯ ಗುಂಡಿಗಳನ್ನು ಟೀಕಿಸುತ್ತ ಬಂದ. ಆ ಗುಂಡಿ ಮುಚ್ಚುವ ಪ್ರಸ್ತಾಪಕ್ಕೆ ಅಡ್ಡಬಂದವನೂ ಆತನೇ ಎಂದು ನೆನಪಿಸುವ ಗೋಜಿಗೆ ಮಗಳು ಹೋಗಲಿಲ್ಲ.

ಅಮ್ಮ ಬಾಗಿಲ ಒಳಗಡೆಯೇ ಡೋಲಿಯಲ್ಲಿ ಮಲಗಿದ್ದಳು. ಕುರ್ಚಿಯನ್ನು ಹೊಸ್ತಿಲು ದಾಟಿಸಿ ಅವಳ ಪಕ್ಕದಲ್ಲಿ ಇಳಿಸಿದರು.

"ಬಂದ್ರಾ," ಎಂದಳು ಅಮ್ಮ. ಸತ್ತ ಗಂಡನನ್ನಲ್ಲ, ತಡವಾಗಿ ಮನೆಗೆ ಬಂದ ಗಂಡನನ್ನು ಕೇಳಿದ ಹಾಗೆ.

"ಹೇಗಿದೀಯೇ?"

"ಕಾಣಿಸ್ತಿಲ್ವಾ? ಹೌದಲ್ಲ, ನಿಮಗೆ ಕಣ್ಣೆಲ್ಲಿ, ಬರೀ ಬಾಯಿ. ಮುಂಚೆನೂ ಹಾಗೇ ಇದ್ರಿ ಬಿಡಿ."

ಹಮಾಲಿಯೊಬ್ಬ ಕೆಮ್ಮಿ ನಗು ಅಡಗಿಸಿದ.

"ಒಂದು ಕೇಳ್ತೀನಿ, ನೇರ ಹೇಳಿ. ನಾನು ಈ ಮನೆ ಸಾಮಾನಾ?"

"ಸಾಮಾನು ಅಂತ ಯಾರೇ ಹೇಳಿದ್ದು? ಮನೆಗೆ ಸೇರಿದ್ದು ಅಂತ ಇರೋದು. ಹೊರಗಿಂದ ಹೊಸ್ತಿಲು ದಾಟಿ ಒಳಗೆ ಬಂದು ಕೂತದ್ದೆಲ್ಲ ಮನೆಗೆ ಸೇರಿದ್ದೇ. ನೀನೂ ಹಾಗೇ ಬಂದವಳು. ಇದರಲ್ಲಿ ತಪ್ಪೇನಿದೆ? ಒಂಥರಾ ಗೌರವ ಅದು."

"ಗೌರವ!"

"ಮತ್ತೆ? ವ್ಯಾಖ್ಯಾನದಲ್ಲಿ ನಿನ್ನನ್ನ ಬಿಟ್ಟಿದ್ರೆ ಆಗಲೂ ನೀನೇ ಗೊಣಗ್ತಿದ್ದೆ, ಅದಕ್ಕೇ..."

ಅಮ್ಮ ಒಳ್ಳೆಯ ಕಾಲನ್ನು ಮಡಚಿ, ಹಲ್ಲು ಕಚ್ಚಿ, ಒದ್ದಳು. ಕುರ್ಚಿ ಅಂಗಾತ ಬಿತ್ತು. ಅದರ ಮುಂಗಾಲು ಲಟಕ್ಕನೆ ಮುರಿದು ಕೊಡೆಗಳ ರಾಶಿಯೊಳಗೆ ಉರುಳಿತು. ನೋವಿಗೆ ಅಮ್ಮನ ಕಣ್ಣಲ್ಲಿ ಬಳಬಳ ನೀರಿಳಿಯಿತು.

ಮಗಳು ಅಮ್ಮನ ಮುಖ ನೋಡಿದಳು. ಇದು ಬರೀ ಸಿಟ್ಟೋ, ಯೋಚಿಸಿ ಮಾಡಿದ್ದೋ, ಆ ಮುಖದಲ್ಲಿ ಗೊತ್ತಾಗಲಿಲ್ಲ.

"ಎತ್ರಯ್ಯಾ ನನ್ನನ್ನ," ಎಂದ ಅಪ್ಪ. "ಗಂಟೆ ಆಗ್ತಾ ಬಂತು."

ಹಮಾಲಿಗಳು ಕುರ್ಚಿಯನ್ನೆತ್ತಿ ಬಾಗಿಲ ಕಡೆ ನಡೆದರು. ಹೊಸ್ತಿಲಲ್ಲಿ ನಿಂತರು. ಹೆಗಲು ಕೊಟ್ಟು ತಳ್ಳಿದರು. ಕುರ್ಚಿ ಮಿಸುಕಲಿಲ್ಲ.

"ಇದೇನಿದು?"

"ನೀವು ಹೊರಗಿಂದ ಬಂದ್ರಿ, ಕೂತ್ರಿ, ಮುರಿದ್ರಿ," ಎಂದಳು ಮಗಳು. "ಮಂತ್ರ ಸರಿಯಾಗೇ ಕೆಲಸ ಮಾಡ್ತಿದೆ ಅಪ್ಪ."

"ಬಡಗೀನ ಕರೆಸು!"

"ಕರೆಸ್ತೀನಿ. ನಾಳೆ ನಾಡಿದ್ದು ಬರ್ತಾನೆ."

"ಅಷ್ಟರಲ್ಲಿ ಆ ಗಡ್ಡದವನು..." ದನಿ ಒಣಗಿತು. "ಬಿಟ್ಟೆ! ಬಿಟ್ಟೆ, ಬಿಟ್ಟೆ!"

"ಸಭೆಯ ಒಪ್ಪಿಗೆ?"

"ಅದನ್ನ ಆಮೇಲೆ ನೋಡ್ಕೊಳ್ಳೋಣ!"

ಮನೆಯ ಗೋಡೆಗಳು ಬಿಗಿದಿದ್ದ ಉಸಿರು ಬಿಟ್ಟಂತಾಯಿತು. ಬೀದಿಯ ಗಾಳಿ ಒಳಗೆ ನುಗ್ಗಿ ಕೊಡೆಗಳ ಹರಿದ ಬಟ್ಟೆಯನ್ನು ಪಟಪಟನೆ ಬಡಿಯಿತು. ಮಗಳು ಖುಷಿಪಡಬೇಕಿತ್ತು. ಅವಳಿಂದ ಆಗಲಿಲ್ಲ. ನಿನ್ನೆಯಿಂದ ಅಮ್ಮನ ಕಾಲಿಗೆ ಹೊರಡದ ಮಾತು ಕುರ್ಚಿಯ ಕಾಲಿಗೆ ಒಂದೇ ಉಸಿರಿನಲ್ಲಿ ಹೊರಟಿತ್ತು. ಅಮ್ಮ ಮೇಲಿನ ಜಂತಿ ನೋಡುತ್ತಿದ್ದಳು. ಅವಳಿಗೆ ಇದರಲ್ಲಿ ಹೊಸದೇನೂ ಕಂಡಂತಿರಲಿಲ್ಲ.

"ಯಾರನ್ನ ಮೊದಲು ಎತ್ತೋದು?" ಎಂದ ಹಮಾಲಿ.

"ನನ್ನನ್ನ," ಎಂದ ಅಪ್ಪ. "ಆಸ್ಪತ್ರೆಗೆ ಸಂಜೆ ತನಕ ಟೈಮಿದೆ. ಸಭೆ ಇರೋದು ಈಗ."

"ಕುರ್ಚಿ ಇಳಿಸಿ. ಅಮ್ಮನ್ನ ಎತ್ತಿ," ಎಂದಳು ಮಗಳು.

"ಮಗಳೇ! ಆಕ್ಷೇಪಣೆ ಇದೆ! ನಿನ್ನನ್ನೂ ಒಂದಿನ ಹಿಂದಿನ ಸಾಲಿಗೆ ಹಾಕ್ತಾರೆ, ನೆನಪಿಟ್ಕೋ!"

"ನಾನೀಗಲೂ ಅಲ್ಲೇ ಕೂತಿರೋದು ಅಪ್ಪ. ನೀವು ಒಂದು ಸಲನಾದ್ರೂ ತಿರುಗಿ ನೋಡಿದ್ರೆ ಗೊತ್ತಿರ್ತಿತ್ತು."

ಡೋಲಿ ಹೊಸ್ತಿಲು ದಾಟಿ ಮೆಟ್ಟಿಲಿಳಿಯಿತು. ಬಿಸಿಲು ಮುಖಕ್ಕೆ ಬಿದ್ದು ಅಮ್ಮ ಕಣ್ಣು ಕಿರಿದು ಮಾಡಿದಳು. ದೂರದಲ್ಲಿ ಸಭೆಯ ಗಂಟೆ ಮೊಳಗತೊಡಗಿತು. ಒಳಗಿನಿಂದ ಅಪ್ಪ ಆಕ್ಷೇಪಣೆಯ ಮೇಲೆ ಆಕ್ಷೇಪಣೆ ಎತ್ತುತ್ತಲೇ ಇದ್ದ.

"ಬಾಗಿಲು ಹಾಕಿದೆಯೇನೇ?" ಎಂದಳು ಅಮ್ಮ.

"ಇಲ್ಲಮ್ಮ. ಕೂಗಿಕೊಳ್ಳಲಿ ಬಿಡು, ಬೀದಿಗಾದ್ರೂ ಕೇಳಲಿ."

"ಹೋಗಿ ಹಾಕ್ಕೊಂಡು ಬಾ," ಎಂದಳು ಅಮ್ಮ ಸಿಡುಕಿನಿಂದ. "ಈ ಗಾಳಿಗೆ ಕೂತು ಕಿರುಚಿದ್ರೆ ಅವರಿಗೆ ಗಂಟಲು ಕಟ್ಟುತ್ತೆ."